‘ಸಂಸಾರ’ ಅಂದರೆ ಹರಿಯುವುದೋ, ಬಂಧನವೋ, ಬರೀ ಮಾತೋ?

ಪ್ರಶ್ನೆ: ನನ್ನ ಮದುವೆ ನಿಶ್ಚಯವಾಗಿದೆ. ಆಮಂತ್ರಣ ಪತ್ರಿಕೆಯ ಒಕ್ಕಣೆಯನ್ನು ನಾನೇ ಬರೆಯುತ್ತಿದ್ದೇನೆ. “ಹೊಸ ಸಂಸಾರ ಹೂಡುತ್ತಿದ್ದೇವೆ, ಬಂದು ಹರಸಿ” ಎಂದು ಬರೆದಿದ್ದೆ. ಅದನ್ನು ನೋಡಿ ನನ್ನ ಸೋದರಮಾವ ಬೇಡವೇ ಬೇಡ ಅಂದರು. ಅವರು ಸಂಸ್ಕೃತ ಓದಿದವರು. ಸಂಸಾರ ಅಂದರೆ ಹುಟ್ಟು ಸಾವಿನ ಸುಳಿ, ಅದರಿಂದ ಪಾರಾಗಿ ಅಂತಲೇ ಶಾಸ್ತ್ರಗಳು ಹೇಳುವುದು, ಮದುವೆ ಕಾಗದದಲ್ಲಿ ಆ ಪದ ಅಶುಭ ಅನ್ನುವುದು ಅವರ ವಾದ. ಚಿಕ್ಕಮ್ಮ ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶ ಕಳಿಸಿದರು. ‘ಸಮ + ಸಾರ = ಸಂಸಾರ, ಗಂಡ ಹೆಂಡತಿಗೆ ಸಮಪಾಲು’ ಅಂತ ಅದರಲ್ಲಿದೆ. ಇನ್ನೊಬ್ಬರು ‘ಸಂ + ಸಾರ, ಅಂದರೆ ಒಳ್ಳೆಯ ಸಾರ’ ಎಂದರು. ಆಫೀಸಿನ ಮಲಯಾಳಿ ಗೆಳತಿ, ತಮ್ಮ ಭಾಷೆಯಲ್ಲಿ ಸಂಸಾರ ಎಂದರೆ ಮಾತುಕತೆ ಎಂದು ನಕ್ಕಳು. ನಿಘಂಟು ತೆಗೆದರೆ ಮೂಲದಲ್ಲಿ ‘ಹರಿಯುವುದು, ಅಲೆಯುವುದು’ ಅಂತಿದೆ. ಇದರಲ್ಲಿ ಯಾವುದು ಸರಿ? ಪದವನ್ನು ಉಳಿಸಿಕೊಳ್ಳಲೇ, ತೆಗೆಯಲೇ? ಕಾರ್ಡಿನ ಇಂಗ್ಲಿಷ್ ಪುಟದಲ್ಲೂ ‘ಸಂಸಾರ’ವನ್ನು ಹಾಗೇ ಬಿಡಬಹುದಾ? ಕೆಳಗೆ ಸಣ್ಣದಾಗಿ ‘ಜೊತೆಯಾಗಿ ಹರಿಯುವುದು’ ಅಂತ ಅರ್ಥ ಹಾಕುವ ಆಸೆಯೂ ಇದೆ.

ಉತ್ತರ: ಮೊದಲು ನಿಮ್ಮ ಆತಂಕದ ವಿಷಯ. ನೀವು ಬರೆದ ವಾಕ್ಯದಲ್ಲಿ ತಪ್ಪಿಲ್ಲ, ಅಶುಭವೂ ಇಲ್ಲ. ಹಾಗಂತ ನಿಮ್ಮ ಮಾವ ಸುಮ್ನೆ ಏನೋ ಹೇಳಿದ್ದಲ್ಲ. ಅವರು ಹೇಳಿದ ಅರ್ಥ ಇದೆ, ಹಳೆಯದೂ ಹೌದು. ಮಲಯಾಳಿ ಗೆಳತಿಯೂ ಸರಿ, ನಿಘಂಟೂ ಸರಿ. ತಪ್ಪಿರುವುದು ವಾಟ್ಸ್ಆ್ಯಪ್ ಸಂದೇಶ ಮಾತ್ರ. ‘ಒಳ್ಳೆಯ ಸಾರ’ ಅಂದವರದ್ದು ಅರ್ಧ ಸರಿ, ಅರ್ಧ ತಪ್ಪು. ಒಂದೇ ಪದಕ್ಕೆ ಇಷ್ಟು ಜನ ಇಷ್ಟು ಅರ್ಥ ಹೇಳಿ, ಹೆಚ್ಚಿನವರು ಸರಿಯಾಗಿರುವುದು ಹೇಗೆ ಅಂತ ನಿಮಗೆ ಅನಿಸಬಹುದು. ನಿಘಂಟಿನ ಕೆಲಸ, ಅನುವಾದ ತಿದ್ದುವ ಕೆಲಸ ಮಾಡುವ ನಮಗೆ ಇದು ದಿನದ ಪಾಡು.

ವಾಟ್ಸ್ಆ್ಯಪ್ ಸಂದೇಶವನ್ನು ಬೇಗ ಮುಗಿಸಿಬಿಡೋಣ. ‘ಸಮ’ ಮತ್ತು ‘ಸಾರ’ ಸೇರಿದರೆ ‘ಸಮಸಾರ’ ಆಗುತ್ತದೆ, ಸಂಸಾರ ಆಗುವುದಿಲ್ಲ. ಸಮಕಾಲ, ಸಮಬಲ, ಸಮತೋಲನ ಇವನ್ನೆಲ್ಲ ನೋಡಿ. ಎಲ್ಲೂ ‘ಮ’ ಕರಗಿ ಸೊನ್ನೆಯಾಗಿಲ್ಲ. ಸಂಸಾರದ ಮೊದಲಲ್ಲಿರುವುದು ‘ಸಂ’ ಎಂಬ ಉಪಸರ್ಗ. ಸಂಗಮ, ಸಂಚಾರ, ಸಂಯೋಗ, ಸಂಭಾಷಣೆ ಇವುಗಳಲ್ಲಿ ಇರುವುದೂ ಅದೇ. ಗಂಡ ಹೆಂಡತಿಗೆ ಸಮಪಾಲು ಇರಲಿ ಅನ್ನುವುದು ಒಳ್ಳೆಯ ಮಾತೇ. ಆದರೆ ಅದನ್ನು ಹೇಳುವುದಕ್ಕೆ ವ್ಯಾಕರಣವನ್ನು ಮುರಿಯಬೇಕಾಗಿಲ್ಲ.

‘ಸಂ + ಸಾರ’ ಅನ್ನುವ ವಾದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಇಲ್ಲಿ ತುಂಡು ಮಾಡಿರುವುದು ಸರಿಯಾಗಿಯೇ ಇದೆ. ಆದರೆ ಈ ‘ಸಾರ’ಕ್ಕೂ ನಾವು ‘ಕಥೆಯ ಸಾರ’ ಅನ್ನುವಾಗ ಬರುವ ಸಾರಕ್ಕೂ ಅರ್ಥ ಬೇರೆ. ಸಂಸಾರದ ಬೇರು ‘ಸೃ’ ಎಂಬ ಧಾತು, ಅಂದರೆ ಕ್ರಿಯಾಪದದ ಮೂಲರೂಪ. ಸಂಸ್ಕೃತ ವೈಯಾಕರಣ ಪಾಣಿನಿಯ ಪರಂಪರೆಯ ಧಾತುಪಾಠ, ಅಂದರೆ ಧಾತುಗಳ ಪಟ್ಟಿ, ಅದನ್ನು ‘ಸೃ ಗತೌ’ ಎಂದು ಎರಡೇ ಮಾತಲ್ಲಿ ಹೇಳಿ ಮುಗಿಸುತ್ತದೆ. ಗತಿ ಅಂದರೆ ಚಲನೆ. ಓಡುವುದು, ಹರಿಯುವುದು, ಜಾರುತ್ತ ಹೋಗುವುದು ಎಲ್ಲ ಅದರೊಳಗೆ ಬಂತು. ನದಿಗೆ ‘ಸರಿತ್’ ಅನ್ನುವುದು ಇದೇ ಬೇರಿನಿಂದ. ಪ್ರಸಾರ ಅಂದರೆ ಮುಂದಕ್ಕೆ ಹರಡಿಕೊಂಡು ಹೋಗುವುದು. ಅನುಸರಿಸುವುದು ಅಂದರೆ ಹಿಂದೆ ಹಿಂದೆ ಹೋಗುವುದು. ನಲ್ಲನನ್ನು ಹುಡುಕಿ ಹೊರಟವಳು ಅಭಿಸಾರಿಕೆ. ಹೊಟ್ಟೆ ಕೆಟ್ಟು ಅತಿಯಾಗಿ ಹರಿದರೆ ಅತಿಸಾರ! ಹೌದು, ಸಂಸಾರ ಮತ್ತು ಅತಿಸಾರ ಒಂದೇ ಬೇರಿನ ಮಕ್ಕಳು. ಇದನ್ನು ಕಾರ್ಡಿನಲ್ಲಿ ಹಾಕಬೇಡಿ ಅಷ್ಟೇ.

ಹಾಗಾದರೆ ‘ತಿರುಳು’ ಎಂಬ ಅರ್ಥದ ಸಾರ ಎಲ್ಲಿಂದ ಬಂತು? ಇಲ್ಲೊಂದು ಸ್ವಾರಸ್ಯ ಇದೆ. ಹರಿಯುವ ಧಾತುವಿನಿಂದ ಗಟ್ಟಿಯಾಗಿ ನಿಲ್ಲುವ ವಸ್ತುವಿನ ಹೆಸರು ಹುಟ್ಟುವುದು ಹೇಗೆ ಅನ್ನುವುದು ಹಳೆಯ ವೈಯಾಕರಣರನ್ನೂ ಕಾಡಿದೆ. ಪಾಣಿನಿ ಇದಕ್ಕೆ ಒಂದು ಸೂತ್ರವನ್ನೇ ಇಟ್ಟಿದ್ದಾನೆ, ‘ಸೃ ಸ್ಥಿರೇ’ (3.3.17). ಸ್ಥಿರವಾದದ್ದನ್ನು ಹೇಳುವಾಗ ‘ಸೃ’ ಧಾತುವಿನಿಂದ ‘ಸಾರ’ ಆಗುತ್ತದೆ ಎಂದು ಅದರ ಅರ್ಥ. ಚಂದನಸಾರ, ಕಗ್ಗಲಿ ಮರದ ತಿರುಳಾದ ಖದಿರಸಾರ ಇವೆಲ್ಲ ಉದಾಹರಣೆಗಳು. ಚಲಿಸದೆ ಇರುವುದಕ್ಕೆ ಚಲನೆಯ ಧಾತು ಯಾಕೆ? ಸ್ಥಿರವಾದ ವಸ್ತು ಬಹುಕಾಲ ಉಳಿದು, ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಹೋಗುತ್ತದಲ್ಲ, ಹಾಗಾಗಿ ಅದೂ ಚಲನೆಯೇ ಅನ್ನುವುದು ಪಾಣಿನಿಯ ಸೂತ್ರಗಳಿಗೆ ಬರೆದ ಹಳೆಯ ವ್ಯಾಖ್ಯಾನ ಕಾಶಿಕಾವೃತ್ತಿಯ ಉತ್ತರ. ನನಗೆ ಈ ವಿವರಣೆ ತುಂಬಾ ಇಷ್ಟ. ಅದೇ ಸೂತ್ರಕ್ಕೆ ವಾರ್ತಿಕವೊಂದು (ಸೂತ್ರದ ಮೇಲಿನ ಪೂರಕ ಟಿಪ್ಪಣಿ) ಮೂರು ವಿಷಯ ಸೇರಿಸುತ್ತದೆ: ವ್ಯಾಧಿ, ಮೀನು, ಬಲ. ವ್ಯಾಧಿ ಅಂದರೆ ಅತಿಸಾರ. ಮೀನು ಅಂದರೆ ‘ವಿಸಾರ’, ನೀರಲ್ಲಿ ಅತ್ತಿತ್ತ ಜಾರಾಡುವುದು. ಬಲಕ್ಕೆ ‘ಸಾರ’. ಆಧುನಿಕ ನಿಘಂಟುಕಾರರು ಇಷ್ಟು ಸಲೀಸಾಗಿ ಇವನ್ನು ಒಂದುಗೂಡಿಸುವುದಿಲ್ಲ. ಮೋನಿಯರ್ ವಿಲಿಯಮ್ಸ್ 1899ರ ತನ್ನ ಸಂಸ್ಕೃತ-ಇಂಗ್ಲಿಷ್ ನಿಘಂಟಿನಲ್ಲಿ ಚಲನೆಯ ಸಾರಕ್ಕೂ ತಿರುಳಿನ ಸಾರಕ್ಕೂ ಬೇರೆ ಬೇರೆ ನಮೂದು ಕೊಟ್ಟಿದ್ದಾನೆ.

ಬೇರು ಒಂದೇ ಎಂದು ಒಪ್ಪಿಕೊಂಡರೂ ‘ಒಳ್ಳೆಯ ಸಾರ’ ನಿಲ್ಲುವುದಿಲ್ಲ. ಯಾಕೆಂದರೆ ಸಂಸಾರ ಎಂಬುದು ‘ಸಾರ’ ಎಂಬ ಸಿದ್ಧ ಪದಕ್ಕೆ ಮುಂದೆ ‘ಸಂ’ ಅಂಟಿಸಿ ಮಾಡಿದ್ದಲ್ಲ. ‘ಸಂಸರತಿ’ ಎಂಬ ಕ್ರಿಯಾಪದ ಇದೆ, ಅದರಿಂದ ಬಂದ ನಾಮಪದ ಅದು. ಪಕ್ಕದಲ್ಲೇ ಸಂಸರಣ, ಸಂಸೃತಿ ಎಂಬ ಸೋದರ ಪದಗಳೂ ಇವೆ. ಅವುಗಳಲ್ಲಿ ತಿರುಳಿನ ಮಾತೇ ಇಲ್ಲ, ಬರೀ ಅಲೆದಾಟ. ಆದರೆ ಎರಡು ಸಾರಗಳ ಸದ್ದು ಒಂದೇ ಆದ್ದರಿಂದ ಕವಿಗಳು ಆಟವಾಡಿದ್ದಾರೆ. ಅಸಾರವಾದ ಈ ಸಂಸಾರದಲ್ಲಿ ಸಾರ ಇರುವುದು ಹೆಣ್ಣು ಕೊಟ್ಟ ಮಾವನ ಮನೆಯಲ್ಲಿ ಮಾತ್ರ, ಅದಕ್ಕೇ ಹರ ಹಿಮಾಲಯದಲ್ಲಿ ಮಲಗುತ್ತಾನೆ, ಹರಿ ಕಡಲಲ್ಲಿ ಮಲಗುತ್ತಾನೆ ಎಂಬ ಚೇಷ್ಟೆಯ ಸುಭಾಷಿತ ಸಂಸ್ಕೃತದಲ್ಲಿದೆ. ಪಾರ್ವತಿ ಪರ್ವತರಾಜನ ಮಗಳು, ಲಕ್ಷ್ಮಿ ಕಡಲ ಮಗಳು, ಅಲ್ವಾ? ನಿಮ್ಮ ಸೋದರಮಾವನಿಗೆ ಇದು ಖಂಡಿತ ಗೊತ್ತಿರುತ್ತದೆ. ನಿಮ್ಮ ಭಾವಿ ಪತಿಗೆ ಹೇಳಿಕೊಡಿ ಅನ್ನಿ.

ಈಗ ‘ಜೊತೆಯಾಗಿ ಹರಿಯುವುದು’. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು, ಏಕೆಂದರೆ ಇದಕ್ಕೆ ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು. ಋಗ್ವೇದದಲ್ಲಿ ‘ಸಂಸಾರ’ ಎಂಬ ನಾಮಪದ ಇಲ್ಲ. ಆದರೆ ‘ಸಂ’ ಮತ್ತು ‘ಸೃ’ ಒಟ್ಟಿಗೆ ಬಂದ ಜಾಗ ಇದೆ. ಒಂಬತ್ತನೇ ಮಂಡಲ ಪೂರ್ತಿ ಸೋಮರಸದ್ದು. ಅದರ 97ನೇ ಸೂಕ್ತದ 45ನೇ ಮಂತ್ರದಲ್ಲಿ ಹಿಂಡಿದ ಸೋಮ ಧಾರೆಯಾಗಿ ಇಳಿಯುತ್ತದೆ, ತಗ್ಗಿಗೆ ನುಗ್ಗುವ ಹೊಳೆಯ ಹಾಗೆ. ಕೊನೆಯ ಸಾಲು ಹೇಳುವುದು ಇಷ್ಟು: ಆ ಸೋಮ ‘ಗೋವುಗಳ’ ಜೊತೆ, ನೀರಿನ ಜೊತೆ ಸೇರಿ ಹರಿಯಿತು. ಗೋವುಗಳು ಅಂದರೆ ಇಲ್ಲಿ ಹಾಲು, ವೇದದ ರೂಢಿ ಅದು. ರಸ, ಹಾಲು, ನೀರು ಮೂರೂ ಒಂದೇ ಪಾತ್ರೆಯಲ್ಲಿ ಬೆರೆಯುವುದಕ್ಕೆ ‘ಸಂ + ಸೃ’. ಅಂದರೆ ‘ಕೂಡಿ ಹರಿಯುವುದು’ ಎಂಬ ಅರ್ಥ ಕಟ್ಟುಕಥೆಯಲ್ಲ. ಈ ಪದ ಹುಟ್ಟುವ ಮುಂಚೆಯೇ ಅದರ ಕ್ರಿಯಾಪದಕ್ಕೆ ಆ ಅರ್ಥ ಇತ್ತು.

ಇನ್ನೊಂದು ಮುಖವೂ ಇದೆ. ‘ಸಂಸಾರ’ ಎಂಬ ನಾಮಪದ ಬಳಕೆಗೆ ಬರುವ ಹೊತ್ತಿಗೆ ಆ ‘ಸಂ’ನಲ್ಲಿ ‘ಇನ್ನೊಬ್ಬರ ಜೊತೆ’ ಎಂಬ ಅರ್ಥ ಉಳಿದಿರಲಿಲ್ಲ. ‘ಉದ್ದಕ್ಕೂ, ಎಲ್ಲ ಕಡೆಗೂ, ಮತ್ತೆ ಮತ್ತೆ’ ಎಂಬ ಒತ್ತು ಅದರದ್ದು. ಹರಿಯುವವನೂ ಒಬ್ಬಂಟಿ. ಒಂದು ಜೀವ ಒಂದು ಹುಟ್ಟಿನಿಂದ ಇನ್ನೊಂದು ಹುಟ್ಟಿಗೆ ಹರಿದುಕೊಂಡು ಹೋಗುತ್ತದೆ, ಜೊತೆಗೆ ಯಾರೂ ಬರುವುದಿಲ್ಲ. ಕಠೋಪನಿಷತ್ತಿನಲ್ಲಿ ದೇಹವೆಂಬ ರಥ, ಬುದ್ಧಿಯೆಂಬ ಸಾರಥಿ ಎಂಬ ಪ್ರಸಿದ್ಧ ಚಿತ್ರ ಬರುತ್ತದಲ್ಲ, ಅಲ್ಲೇ ಈ ಪದ ಸಿಗುತ್ತದೆ. ತಿಳಿವಿಲ್ಲದವನು, ಮನಸ್ಸು ಹಿಡಿತದಲ್ಲಿ ಇಲ್ಲದವನು ಆ ಪರಮ ನೆಲೆಯನ್ನು ಮುಟ್ಟುವುದಿಲ್ಲ, ಸಂಸಾರಕ್ಕೆ ಬೀಳುತ್ತಾನೆ (1.3.7). ಅಂದಹಾಗೆ ಸಾರಥಿ ಪದಕ್ಕೂ ‘ಸೃ’ಗೂ ನಂಟಿಲ್ಲ, ಅದು ‘ರಥ’ದಿಂದ ಬಂದದ್ದು. ಬೌದ್ಧರ ಧಮ್ಮಪದದ 153ನೇ ಗಾಥೆಯಲ್ಲಿ (ಪದ್ಯದಲ್ಲಿ) ‘ಅನೇಕ ಜನ್ಮಗಳ ಸಂಸಾರ’ದ ಪಕ್ಕದಲ್ಲೇ ‘ಓಡಿದೆ’ ಎಂಬ ಕ್ರಿಯಾಪದ ಇದೆ. ಪದದೊಳಗಿನ ಓಟ ಆಗಿನವರಿಗೆ ಇನ್ನೂ ಕೇಳಿಸುತ್ತಿತ್ತು.

ಇಲ್ಲಿಂದ ನಮ್ಮ ‘ಮನೆ, ಮಡದಿ, ಮಕ್ಕಳು’ ಎಂಬ ಅರ್ಥಕ್ಕೆ ಹೇಗೆ ಬಂತು? ನಿಮ್ಮ ಮಾವನ ವಾದ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಅನ್ನುವುದು ತಿಳಿಯುವುದೂ ಇಲ್ಲೇ.

ಒಂದು ಪದದ ಅರ್ಥ ತಿಳಿಯಬೇಕಾದರೆ ಅದರ ಎದುರು ಪದ ಯಾವುದು ಅಂತ ಕೇಳಬೇಕು. ಶಾಸ್ತ್ರಗಳಲ್ಲಿ ಸಂಸಾರದ ಎದುರು ನಿಂತಿರುವುದು ಮೋಕ್ಷ. ಜೈನರ ತತ್ತ್ವಾರ್ಥಸೂತ್ರ ಜೀವಗಳನ್ನು ಎರಡೇ ಗುಂಪು ಮಾಡುತ್ತದೆ, ಸಂಸಾರಿಗಳು ಮತ್ತು ಮುಕ್ತರು (2.10). ಈ ಲೆಕ್ಕದಲ್ಲಿ ಇರುವೆ ಸಂಸಾರಿ, ಸ್ವರ್ಗದ ದೇವತೆಯೂ ಸಂಸಾರಿ, ಮನೆ ಮಠ ಬಿಟ್ಟು ತಪಸ್ಸಿಗೆ ಕುಳಿತ ಮುನಿಯೂ ಬಿಡುಗಡೆ ಸಿಗುವ ತನಕ ಸಂಸಾರಿಯೇ. ಈಗ ಕನ್ನಡದಲ್ಲಿ ಯಾರನ್ನಾದರೂ ಕೇಳಿ ನೋಡಿ, ‘ಸಂಸಾರಿ’ಗೆ ವಿರುದ್ಧ ಪದ ಏನು ಅಂತ. ‘ಸನ್ಯಾಸಿ’ ಅನ್ನುತ್ತಾರೆ, ತಕ್ಷಣ. ಮುಕ್ತ ಅನ್ನುವವರು ಸಿಗುವುದು ಕಷ್ಟ. ಬದಲಾದದ್ದು ಇದೇ. ಎದುರಿಗೆ ನಿಂತವನು ಬದಲಾದ, ಪದದ ಅರ್ಥವೂ ಅವನ ಜೊತೆ ತಿರುಗಿತು. ಮೋಕ್ಷದ ಎದುರು ನಿಂತಾಗ ಸಂಸಾರ ಅಂದರೆ ಹುಟ್ಟು ಸಾವಿನ ಸರಣಿ. ಸನ್ಯಾಸದ ಎದುರು ನಿಂತಾಗ ಅದೇ ಪದ ಹೆಂಡತಿ, ಮಕ್ಕಳು, ಮನೆಬಾಡಿಗೆ, ಶಾಲೆಯ ಫೀಸು. (‘ಸರಣಿ’ ಕೂಡ ‘ಸೃ’ಯ ಕೂಸು ಅನ್ನುವುದನ್ನು ಗಮನಿಸಿ.)

ಈ ತಿರುವು ರಾತ್ರೋರಾತ್ರಿ ಆದದ್ದಲ್ಲ. ಮೊದಲು ‘ಹುಟ್ಟು ಸಾವಿನ ಅಲೆದಾಟ’. ಆಮೇಲೆ ‘ಆ ಅಲೆದಾಟ ನಡೆಯುವ ಜಾಗ’, ಅಂದರೆ ಲೋಕ. ಆಮೇಲೆ ‘ಲೋಕದ ಬದುಕು’, ಆಮೇಲೆ ‘ಮನೆಮಂದಿಯ ಬದುಕು’. 12ನೇ ಶತಮಾನದ ವಚನಗಳಲ್ಲಿ ಸಂಸಾರ ಎದೆಮಟ್ಟಕ್ಕೆ ಏರುವ ಕಡಲಾಗುತ್ತದೆ, ಗಾಳಿಗೊಡ್ಡಿದ ಸೊಡರಾಗುತ್ತದೆ. ಹಳೆಯ ಶಾಸ್ತ್ರದ ಎಳೆಯೇ ಅದು. ಆದರೆ ಹೇಳುತ್ತಿರುವವರು ಬಹುಮಟ್ಟಿಗೆ ಕಾಯಕ ಮಾಡಿಕೊಂಡು ಮನೆ ನಡೆಸಿದವರು. ಅವರ ಬಾಯಲ್ಲಿ ಎರಡೂ ಅರ್ಥ ಒಂದನ್ನೊಂದು ಉಜ್ಜುತ್ತವೆ. ಯಾವುದು ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯಲು ನಾನಂತೂ ಹೋಗುವುದಿಲ್ಲ.

ಕೊನೆಯ ಹೆಜ್ಜೆ ‘ಹೆಂಡತಿ’. “ಇವರು ನನ್ನ ಸಂಸಾರ” ಎಂದು ಪರಿಚಯಿಸುವ ಹಿರಿಯರನ್ನು ನೀವೂ ಕಂಡಿರಬಹುದು. ಹೆಂಡತಿಯ ಹೆಸರು ಹಿಡಿದು ಹೇಳಬಾರದು ಎಂಬ ಸಂಕೋಚ ಇದ್ದ ಕಾಲದಲ್ಲಿ ಇಡೀ ಗುಂಪಿನ ಹೆಸರನ್ನು ಒಬ್ಬರಿಗೆ ಇಟ್ಟು ದಾಟಿಕೊಳ್ಳುತ್ತಿದ್ದರು. ‘ಮನೆಯವರು’ ಅನ್ನುವುದೂ ಹೀಗೇ, ಹಳೆಯ ಕಾಗದಗಳ ‘ನನ್ನ ಕುಟುಂಬ’ವೂ ಹೀಗೇ. ಹಾಗಾಗಿ ‘ಸಂಸಾರ ಸಮೇತ ಬನ್ನಿ’ ಎಂದರೆ ಒಬ್ಬರು ಹೆಂಡತಿಯನ್ನಷ್ಟೇ ಕರೆದುಕೊಂಡು ಬರುತ್ತಾರೆ, ಇನ್ನೊಬ್ಬರು ಹತ್ತು ಜನರನ್ನು.

ನೆರೆಹೊರೆಯ ಭಾಷೆಗಳಲ್ಲಿ ಇದೇ ಪದ ಬೇರೆ ಬೇರೆ ಮೆಟ್ಟಿಲಲ್ಲಿ ನಿಂತುಬಿಟ್ಟಿದೆ. ಹಿಂದಿ ಮತ್ತು ನೇಪಾಳಿಯಲ್ಲಿ ಮುಖ್ಯವಾಗಿ ‘ಲೋಕ’ದ ಮೆಟ್ಟಿಲಲ್ಲಿ. ಮರಾಠಿ, ಬಂಗಾಳಿಯಲ್ಲಿ ಮನೆವಾರ್ತೆ. ತೆಲುಗು, ತಮಿಳಿನಲ್ಲಿ ನಮ್ಮ ಹಾಗೇ ಕುಟುಂಬ, ಹೆಂಡತಿ. ಅನುವಾದ ತಿದ್ದುವಾಗ ನನಗೆ ಪದೇ ಪದೇ ಸಿಗುವ ಎಡವಟ್ಟು ಇದರದ್ದೇ. ಹಿಂದಿಯಿಂದ ಬಂದ ಒಂದು ಜೀವನಚರಿತ್ರೆಯ ಕರಡಿನಲ್ಲಿ “ಇಡೀ ಸಂಸಾರವೇ ಅವರನ್ನು ಕೊಂಡಾಡಿತು” ಅಂತಿತ್ತು. ಮೂಲದಲ್ಲಿ ಇಡೀ ಜಗತ್ತೇ ಕೊಂಡಾಡಿತ್ತು. ಕನ್ನಡಕ್ಕೆ ಬರುವಷ್ಟರಲ್ಲಿ ಪಾಪ, ಆ ಮಹನೀಯರ ಕೀರ್ತಿ ಅವರ ಮನೆಯ ಹೊಸ್ತಿಲು ದಾಟಿರಲಿಲ್ಲ! (ಜಗತ್ತು ಅನ್ನುವ ಪದದ ಮೂಲಾರ್ಥವೂ ‘ಚಲಿಸುತ್ತಿರುವುದು’ ಎಂದೇ. ಅದರೊಳಗಿನ ಚಲನೆ ಈಗ ಯಾರಿಗೂ ಕೇಳಿಸುವುದಿಲ್ಲ.)

ಕಡಲು ದಾಟಿದ ಮೇಲೆ ಪದ ಇನ್ನೂ ದೂರ ಹೋಗಿದೆ. ಇಂಡೋನೇಷ್ಯಾದ ಭಾಷೆಯಲ್ಲಿ ಅದು ‘ಸೆಂಗ್ಸಾರ’, ಅರ್ಥ ಯಾತನೆ, ಕಷ್ಟ. ಥಾಯ್ ಭಾಷೆಯಲ್ಲಿ ‘ಸೊಂಗ್‌ಸಾನ್’, ಅಂದರೆ ಅಯ್ಯೋ ಪಾಪ ಅನ್ನುವುದು, ಮರುಕಪಡುವುದು. ಬೌದ್ಧರ ನೋಟದಲ್ಲಿ ಸಂಸಾರದ ಸುಳಿಗೆ ಸಿಕ್ಕವರನ್ನು ಕಂಡರೆ ಹುಟ್ಟುವ ಭಾವವೇ ಪದದ ಅರ್ಥವಾಗಿ ಕೂತಿದೆ ಅಂತ ಕಾಣುತ್ತದೆ.

ನಿಮ್ಮ ಗೆಳತಿಯ ಮಲಯಾಳಂ ನಗು ತರಿಸುತ್ತದೆ ನಿಜ, ಆದರೆ ಅದರ ಹಾದಿಯೂ ತೀರ ವಿಚಿತ್ರವಲ್ಲ. ಲೋಕದಲ್ಲಿ ಬಾಳುವುದು, ನಾಲ್ಕು ಜನರ ಜೊತೆ ಒಡನಾಡುವುದು, ಒಡನಾಟ ಅಂದ ಮೇಲೆ ಮಾತು. ಹೀಗೆ ಬಂದಿರಬೇಕು. ಇಂಗ್ಲಿಷಿನ ‘ಕಾನ್ವರ್ಸ್’ ಕೂಡ ಲ್ಯಾಟಿನ್‌ನಲ್ಲಿ ‘ಒಟ್ಟಿಗೆ ಬಾಳು, ಒಡನಾಡು’ ಆಗಿದ್ದು, ಆಮೇಲೆ ‘ಮಾತಾಡು’ ಆಯಿತು. ಅಷ್ಟು ದೂರ ಯಾಕೆ, ನಮ್ಮ ‘ಆಡು’ ನೋಡಿ. ಗಾಳಿ ಆಡುತ್ತದೆ, ಮಗು ಆಡುತ್ತದೆ, ನಾವು ಮಾತು ಆಡುತ್ತೇವೆ. ಅಲುಗಾಟದಿಂದ ಮಾತಿಗೆ ಒಂದೇ ಹೆಜ್ಜೆ.

ಈಗ ಮಾವನ ತಕರಾರಿಗೆ ಬರೋಣ. ವೇದಾಂತದ ಪಾಠದಲ್ಲಿ ಅವರು ಹೇಳಿದ ಅರ್ಥವೇ ನಡೆಯುವುದು. ಆದರೆ ಒಂದು ಪದ ಯಾವ ಅರ್ಥದಲ್ಲಿ ನಿಂತಿದೆ ಅಂತ ಪತ್ತೆ ಮಾಡಲು ನಾವು ನಿಘಂಟಿನವರು ಬೇರನ್ನು ಅಗೆಯುವುದಿಲ್ಲ, ಅದರ ಜೊತೆಗಿರುವ ಕ್ರಿಯಾಪದವನ್ನು ನೋಡುತ್ತೇವೆ. ಸಂಸಾರವನ್ನು ದಾಟುವುದು, ನೀಗುವುದು, ಅದರ ಬಳ್ಳಿಯನ್ನು ಕಡಿಯುವುದು ಅಂದರೆ ಮಾವನ ಅರ್ಥ. ಸಂಸಾರ ತೂಗಿಸುವುದು, ನಿಭಾಯಿಸುವುದು, ನಡೆಸುವುದು ಅಂದರೆ ಮನೆವಾರ್ತೆಯ ಅರ್ಥ. ‘ತೊರೆಯುವುದು’ ಮಾತ್ರ ಗಡಿಯ ಮೇಲೆ ಕೂತಿದೆ. ನೀವು ಬರೆದದ್ದು ‘ಹೂಡುವುದು’. ನೇಗಿಲು ಹೂಡುತ್ತಾರೆ, ಒಲೆ ಹೂಡುತ್ತಾರೆ, ಸಂಸಾರ ಹೂಡುತ್ತಾರೆ. ಹುಟ್ಟು ಸಾವಿನ ಚಕ್ರವನ್ನು ಯಾರೂ ಹೂಡುವುದಿಲ್ಲ. ಕನ್ನಡದ ಆ ಒಂದು ಕ್ರಿಯಾಪದ ನಿಮ್ಮ ವಾಕ್ಯವನ್ನು ಕಾಪಾಡಿಬಿಟ್ಟಿದೆ. ಕಾರ್ಡು ಓದುವ ನೂರಾರು ಜನರಲ್ಲಿ ಯಾರಿಗೂ ಅಲ್ಲಿ ಪುನರ್ಜನ್ಮ ನೆನಪಾಗುವುದಿಲ್ಲ, ಮಾವನಿಗೆ ಬಿಟ್ಟರೆ.

ಆದರೆ ಆ ಒಬ್ಬರೇ ಮುಖ್ಯ ಆಗಿರಬಹುದು. ಇದು ಭಾಷೆಯ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ, ನೀವೇ ತೂಗಿ ನೋಡಬೇಕು. ಉಳಿಸಿಕೊಂಡರೆ ಭಾಷೆಯ ದೃಷ್ಟಿಯಿಂದ ನಷ್ಟವಿಲ್ಲ, ಹಿರಿಯರೊಬ್ಬರ ಬೇಸರ ಉಳಿಯಬಹುದು. ಬದಲಿಸುವುದಾದರೆ ‘ದಾಂಪತ್ಯ’ ಸುಲಭಕ್ಕೆ ಸಿಗುವ ಪದ. ಅದರೊಳಗಿನ ‘ದಂ’ ವೇದಕಾಲದ ‘ಮನೆ’, ದಂಪತಿ ಅಂದರೆ ಮನೆಯೊಡೆಯರು. ಆದರೆ ದಾಂಪತ್ಯಕ್ಕೆ ಕಾಲಿಡುತ್ತಾರೆ, ದಾಂಪತ್ಯವನ್ನು ಹೂಡುವುದಿಲ್ಲ. ಪದ ಒಂದನ್ನೇ ಬದಲಿಸಿ ಕ್ರಿಯಾಪದ ಹಾಗೇ ಬಿಟ್ಟರೆ ವಾಕ್ಯ ಸೊಟ್ಟಗಾಗುತ್ತದೆ. ಜೊತೆಗೆ, ದಾಂಪತ್ಯದಲ್ಲಿ ಇರುವುದು ಇಬ್ಬರೇ, ಸಂಸಾರದಲ್ಲಿ ಮನೆ ತುಂಬ ಜನ. ‘ಗೃಹಸ್ಥಾಶ್ರಮ’ ಮಾವನಿಗೆ ಹಿಡಿಸುತ್ತದೆ, ನಿಮ್ಮ ಸ್ನೇಹಿತರಿಗೆ ಪುರೋಹಿತರು ಬರೆದ ಹಾಗೆ ಕೇಳಿಸುತ್ತದೆ. ನನ್ನನ್ನು ಕೇಳಿದರೆ ‘ಬಾಳು’ ಒಳ್ಳೆಯದು. “ಹೊಸ ಬಾಳು ಶುರು ಮಾಡುತ್ತಿದ್ದೇವೆ” ಅಂದರೆ ಅಚ್ಚಕನ್ನಡ, ಯಾವ ಶಾಸ್ತ್ರದ ನೆರಳೂ ಇಲ್ಲ. ಆದರೂ ‘ಸಂಸಾರ ಹೂಡು’ವಿನಲ್ಲಿರುವ ಪಾತ್ರೆ ಪಗಡದ ಸದ್ದು ಅದಕ್ಕೆ ಬರುವುದಿಲ್ಲ. ನಾನಾಗಿದ್ದರೆ ನಿಮ್ಮ ಮೊದಲ ವಾಕ್ಯವನ್ನೇ ಇಟ್ಟುಕೊಳ್ಳುತ್ತಿದ್ದೆ, ಕಾರ್ಡು ಅಚ್ಚಾಗುವ ಮುಂಚೆ ಮಾವನ ಜೊತೆ ಕೂತು ಮಾತಾಡಿ.

ಇಂಗ್ಲಿಷ್ ಪುಟದಲ್ಲಿ ಮಾತ್ರ ‘ಸಂಸಾರ’ವನ್ನು ಹಾಗೇ ಬಿಡಬೇಡಿ. ಆ ಪದ ಇಂಗ್ಲಿಷಿಗೂ ಹೋಗಿದೆ. ಆದರೆ ಹೋಗಿರುವುದು ಬೌದ್ಧ, ಹಿಂದೂ ದರ್ಶನದ ಪುಸ್ತಕಗಳ ಮೂಲಕ, ನಮ್ಮ ಅಡುಗೆಮನೆಯ ಮೂಲಕ ಅಲ್ಲ. ಅಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ, ಹುಟ್ಟು ಸಾವಿನ ಚಕ್ರ. ಹೊರದೇಶದ ಗೆಳೆಯರು ಅದನ್ನು ಓದಿದರೆ, ಈ ಜೋಡಿ ಪುನರ್ಜನ್ಮದ ಚಕ್ರಕ್ಕೆ ಸಿಕ್ಕಿಕೊಳ್ಳುವ ಸಮಾರಂ‍ಭಕ್ಕೆ ನಮ್ಮನ್ನು ಯಾಕೆ ಕರೆಯುತ್ತಿದೆ ಅಂದುಕೊಳ್ಳುತ್ತಾರೆ. ಮಾವನ ತಕರಾರು ನೂರಕ್ಕೆ ನೂರು ಸರಿಯಾಗುವುದು ಆ ಪುಟದಲ್ಲಿ. ಅಲ್ಲಿ ಮನೆ ಅಥವಾ ಕುಟುಂಬ ಎಂಬರ್ಥದ ಸಾದಾ ಇಂಗ್ಲಿಷ್ ಪದ ಹಾಕಿ.

ಇನ್ನು ಆ ಸಣ್ಣ ಸಾಲು. “ಸಂಸಾರ: ಜೊತೆಯಾಗಿ ಹರಿಯುವುದು” ಎಂದು ನಿಘಂಟಿನ ನಮೂದಿನ ಹಾಗೆ ಹಾಕಿದರೆ, ಇದೇ ಆ ಪದದ ಅರ್ಥ ಎಂದು ಸಾರಿದಂತೆ ಆಗುತ್ತದೆ. ಅದು ನಿಜವಲ್ಲ. ಗಂಡ ಹೆಂಡತಿ ಕೂಡಿ ಬಾಳುತ್ತಾರೆ ಎಂಬ ಕಾರಣಕ್ಕೆ ಸಂಸಾರಕ್ಕೆ ಆ ಹೆಸರು ಬಂದಿಲ್ಲ. ಜೊತೆಗೆ ಈ ಸಾಲು ನಾಳೆ ಇನ್ನೊಂದು ವಾಟ್ಸ್ಆ್ಯಪ್ ಸಂದೇಶವಾಗಿ ನನ್ನ ಮೇಜಿಗೇ ವಾಪಸ್ ಬರುತ್ತದೆ. ಬೇಕೆಂದರೆ ಅರ್ಥ ಹೇಳುವ ಧಾಟಿ ಬಿಟ್ಟು, ನಿಮ್ಮ ಆಸೆ ಹೇಳುವ ಧಾಟಿಯಲ್ಲಿ ಬರೆಯಿರಿ. “ಇನ್ನು ಮುಂದೆ ಜೊತೆಯಾಗಿ ಹರಿಯುತ್ತೇವೆ” ಅನ್ನಿ, ಸಾಕು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮಾವ ಕೇಳಿದರೆ ಸೋಮ, ಹಾಲು, ನೀರು ಬೆರೆತ ಆ ಮಂತ್ರದ ಸಂಖ್ಯೆ ಹೇಳಿ, 9.97.45. ಅವರೇ ಪುಸ್ತಕ ತೆಗೆದು ನೋಡುತ್ತಾರೆ.

ಕೊನೆಗೊಂದು ಕಸುಬಿನ ಮಾತು. ಕರಡು ತಿದ್ದುವಾಗ ಆ ಸೊನ್ನೆಯ ಮೇಲೆ ಕಣ್ಣಿಡಿ. ಫಾಂಟ್ ಬದಲಾಯಿಸುವಾಗ ಅನುಸ್ವಾರ ಬಿದ್ದುಹೋಗುವುದು ನಾನು ಎಷ್ಟೋ ಕಾರ್ಡುಗಳಲ್ಲಿ ನೋಡಿದ್ದೇನೆ. ಸೊನ್ನೆ ಹೋದರೆ ಉಳಿಯುವುದು ‘ಸಸಾರ’. ಅದೂ ಕನ್ನಡದ ಪದವೇ, ಹಗುರ, ಅಗ್ಗ, ತಾತ್ಸಾರ ಅಂತ ಅರ್ಥ. “ಹೊಸ ಸಸಾರ ಹೂಡುತ್ತಿದ್ದೇವೆ” ಅಂತ ಅಚ್ಚಾದರೆ ಸೋದರಮಾವನಿಗೆ ಉತ್ತರ ಕೊಡಲು ನನ್ನಿಂದಲೂ ಆಗುವುದಿಲ್ಲ.